ಜಗಲಿ ಮೇಲೆ ಸೈಕಲ್ ತುಳಿದ ಮಳೆಗಾಲ: ಮ್ಯಾಗ್ನೆಟಿಕ್ ಟ್ರೇನರ್ ಹೇಗಿದೆ?

ಕಳೆದ ಜೂನ್‌ನಲ್ಲಿ ನಾನು ಹಲಸಿನ ಹಣ್ಣಿನ ಮೇಲೆ ಜಾರಿ ಬಿದ್ದೆ. ನಡೆಯುವಾಗ ಅಲ್ಲ, ಸೈಕಲ್ ಮೇಲಿದ್ದಾಗ. ಭಾನುವಾರ ಬೆಳಿಗ್ಗೆ ದೇವಿಮನೆ ಘಟ್ಟದ ತಲೆಯವರೆಗೆ ಹೋಗಿ, ರಾಗಿಹೊಸಳ್ಳಿ ದಾಟಿ ಶಿರಸಿ ಕಡೆ ವಾಪಸ್ ಬರುತ್ತಿದ್ದೆ. ಮರದಿಂದ ಬಿದ್ದು ಒಡೆದ ಹಣ್ಣನ್ನು ಯಾವುದೋ ಲಾರಿ ರಸ್ತೆಗೆ ಅರೆದು ಹಾಕಿತ್ತು. ಮೇಲಿಂದ ಜಿಟಿಜಿಟಿ ಮಳೆ. ಮುಂದಿನ ಚಕ್ರ ಯಾವಾಗ ಹೋಯಿತೋ ಗೊತ್ತೇ ಆಗಲಿಲ್ಲ. ಎಡ ಭುಜ ನೆಲಕ್ಕೆ ಬಡಿದಾಗ ಒಣ ಕಡ್ಡಿ ಮುರಿದ ಹಾಗೆ ಸದ್ದು ಕೇಳಿತು. ಏಳುವ ಮೊದಲೇ ಹಲಸಿನ ವಾಸನೆ ಮೂಗಿಗೆ ಬಂತು. ಆ ವಾಸನೆ ಈಗಲೂ ನನಗೆ ಆಗುವುದಿಲ್ಲ.

ಎಡಗಡೆ ಕಾಲರ್ ಬೋನ್ ನಡುವಿನಲ್ಲೇ ಮುರಿದಿತ್ತು. ಸೈಕಲ್‌ನಿಂದ ಬಿದ್ದವರು ಮುರಿದುಕೊಳ್ಳುವುದು ಜಾಸ್ತಿ ಇದನ್ನೇ, ಯಾಕೆಂದರೆ ಭುಜಕ್ಕೆ ಬಿದ್ದ ಪೆಟ್ಟೆಲ್ಲ ಹೋಗಿ ನಿಲ್ಲುವುದು ಅಲ್ಲೇ. ತುಂಡುಗಳು ಹೆಚ್ಚು ಜರುಗಿರಲಿಲ್ಲ. ಹಾಗಾಗಿ ಆಪರೇಷನ್ ಬೇಡ, ಸ್ಲಿಂಗ್ ಹಾಕಿಕೊಂಡು ಕೂತಿರಿ ಅಂದರು ಡಾಕ್ಟರು. ಆರು ವಾರಕ್ಕೆ ಎಕ್ಸ್‌ರೇ. ರಸ್ತೆ ಮೇಲೆ ಸೈಕಲ್ ಮೂರು ತಿಂಗಳು ಇಲ್ಲ.

ಹೇಳುವುದಕ್ಕೆ ಸುಲಭ, 'ಕೂತಿರಿ' ಅಂತ. ನನ್ನದು ಶಿರಸಿಯಲ್ಲಿ ಜೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ. ದಿನವಿಡೀ ಕೂರುವುದೇ ಕೆಲಸ. ಆ ಕೂತದ್ದನ್ನು ಇಳಿಸುವುದಕ್ಕೇ ನಲವತ್ತು ದಾಟಿದ ಮೇಲೆ ಸೈಕಲ್ ಹಿಡಿದವಳು ನಾನು. ಈಗ ಬಲಗೈ ಒಂದರಲ್ಲೇ ಟೈಪಿಂಗ್. ನುಡಿ ಸಾಫ್ಟ್‌ವೇರಿನಲ್ಲಿ ಕನ್ನಡ ಟೈಪ್ ಮಾಡುವವರಿಗೆ ಗೊತ್ತು, ಮಹಾಪ್ರಾಣ ಬಂದಲ್ಲೆಲ್ಲ ಶಿಫ್ಟ್ ಒತ್ತಬೇಕು. ಒಂದೇ ಕೈಯಲ್ಲಿ 'ಭೂ ದಾಖಲೆ ಶಾಖೆ' ಅಂತ ಹೊಡೆದು ನೋಡಿ, ಬೆರಳಿಗೂ ಫಿಸಿಯೋಥೆರಪಿ ಬೇಕಾಗುತ್ತದೆ.

ಮೊದಲ ಎರಡು ವಾರ ನಡೆದಾಡಿಕೊಂಡಿದ್ದೆ. ಅಂಗಡಿ ಮುಚ್ಚಿ ದೇವಿಕೆರೆ ಸುತ್ತ ಒಂದು ಸುತ್ತು, ಮಾರಿಕಾಂಬಾ ದೇವಸ್ಥಾನದ ತನಕ ಒಂದು ಸಲ. ಜುಲೈ ಹತ್ತಿರ ಬಂದ ಹಾಗೆ ಅದೂ ನಿಂತಿತು. ಒಂದು ಕೈ ಸ್ಲಿಂಗ್‌ನಲ್ಲಿ, ಇನ್ನೊಂದರಲ್ಲಿ ಛತ್ರಿ. ಕನ್ನಡಕ ಒರೆಸಿಕೊಳ್ಳುವುದಕ್ಕೆ ಮೂರನೇ ಕೈ ಎಲ್ಲಿಂದ ತರುವುದು? ಮನೆಯಂಗಳದಲ್ಲಿ ಕಾಲಿಟ್ಟಲ್ಲಿ ಹಾವಸೆ. ಒಂದು ದಿನ ತೋಟದ ಕಡೆ ಹೋದಾಗ ಉಂಬಳವೊಂದು ಸ್ಲಿಂಗ್ ಒಳಗೆ ಸೇರಿಕೊಂಡಿತು. ಎಡ ಮೊಣಕೈ ಮಡಿಕೆಯಲ್ಲಿ ಕೂತು ಆರಾಮಾಗಿ ರಕ್ತ ಹೀರುತ್ತಿದೆ. ಕೈ ಎತ್ತುವ ಹಾಗಿಲ್ಲ, ಸ್ಲಿಂಗ್ ಬಿಚ್ಚುವ ಹಾಗಿಲ್ಲ. ಮಗ ಬಂದು ಉಪ್ಪು ಹಾಕುವಷ್ಟರಲ್ಲಿ ಅದು ಹೊಟ್ಟೆ ತುಂಬಿಸಿಕೊಂಡು ತಾನೇ ಉದುರಿತ್ತು. ಅವತ್ತೇ ತೀರ್ಮಾನ ಮಾಡಿದೆ, ಇನ್ನು ಏನಿದ್ದರೂ ಸೂರಿನ ಕೆಳಗೇ.

ಇನ್ನೊಂದು ತೊಂದರೆ ನೋಡಲು ಬರುವವರದ್ದು. ಬರಿಗೈಯಲ್ಲಿ ಯಾರೂ ಬರುವುದಿಲ್ಲ. ತೊಡೆದೇವು ಬಂತು, ಚಕ್ಕುಲಿ ಬಂತು. ಎಲ್ಲಕ್ಕಿಂತ ಜಾಸ್ತಿ ಬಂದದ್ದು ಹಲಸಿನ ಹಪ್ಪಳ. ನಾನು ಯಾವುದರ ಮೇಲೆ ಬಿದ್ದೆ ಅಂತ ಗೊತ್ತಿದ್ದೂ ತಂದರು! ಮೂರು ವಾರದಲ್ಲಿ ಎರಡು ಕಿಲೋ ಏರಿದೆ.

ಫಿಸಿಯೋ ಮಾಡುವ ಹುಡುಗಿಗೆ ಇದನ್ನು ಹೇಳಿದಾಗ ಅವಳು ಒಂದು ಸಂಗತಿ ಹೇಳಿದಳು. 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಇಪ್ಪತ್ತರ ವಯಸ್ಸಿನ ಐದು ಜನ ಹುಡುಗರನ್ನು ಮೂರು ವಾರ ಹಾಸಿಗೆ ಬಿಟ್ಟು ಏಳದ ಹಾಗೆ ಮಲಗಿಸಿದರಂತೆ. ಮೂವತ್ತು ವರ್ಷ ಬಿಟ್ಟು ಅದೇ ಐವರನ್ನು ಕರೆಸಿ ಮತ್ತೆ ಅಳೆದರಂತೆ. ಮೈಗೆ ದುಡಿಯುವ ತಾಕತ್ತು ಎಷ್ಟಿದೆ ಅಂತ ನೋಡಿದರೆ, ಮೂವತ್ತು ವರ್ಷದ ವಯಸ್ಸು ಕಳೆದದ್ದಕ್ಕಿಂತ ಆ ಮೂರು ವಾರದ ಹಾಸಿಗೆ ಕಳೆದದ್ದೇ ಹೆಚ್ಚು. "ಮುರಿದದ್ದು ಭುಜ ಅಲ್ವಾ ಅಕ್ಕಾ, ಕಾಲಿಗೇನಾಗಿದೆ?" ಅಂದಳು. ಟ್ರೇನರ್ ತರಿಸುವ ಯೋಚನೆ ಬಂದದ್ದು ಆಗ.

ಗೊತ್ತಿಲ್ಲದವರಿಗೆ: ಟ್ರೇನರ್ ಅಂದರೆ ಇರುವ ಸೈಕಲ್ಲನ್ನೇ ಕಟ್ಟಿ ನಿಲ್ಲಿಸುವ ಕಬ್ಬಿಣದ ಸ್ಟ್ಯಾಂಡು. ಹಿಂದಿನ ಚಕ್ರ ನೆಲದಿಂದ ಎದ್ದು ಒಂದು ರೋಲರ್ ಮೇಲೆ ಕೂರುತ್ತದೆ. ರೋಲರ್ ಜೊತೆ ಲೋಹದ ಒಂದು ತಟ್ಟೆ ತಿರುಗುತ್ತದೆ, ತಟ್ಟೆಯ ಎದುರು ಅಯಸ್ಕಾಂತಗಳು. ತಿರುಗುವ ತಟ್ಟೆಯೊಳಗೆ ಸುಳಿ ಕರೆಂಟು ಹುಟ್ಟಿ ಅದನ್ನೇ ಹಿಂದಕ್ಕೆ ಎಳೆಯುತ್ತದೆ. ಒಂದಕ್ಕೊಂದು ತಾಗುವುದೇ ಇಲ್ಲ, ಆದರೂ ಬ್ರೇಕ್ ಹಿಡಿದ ಹಾಗೆ. ಹ್ಯಾಂಡಲ್‌ಗೆ ಕಟ್ಟಿದ ಲಿವರ್ ಜರುಗಿಸಿದರೆ ಅಯಸ್ಕಾಂತ ಜರುಗುತ್ತದೆ, ತುಳಿಯುವುದು ಭಾರ ಆಗುತ್ತದೆ. ನನ್ನದರಲ್ಲಿ ಆರು ಹಂತ. ಮೊಬೈಲ್‌ಗೆ ಜೋಡಿಸುವ, ಪರದೆ ಮೇಲೆ ಘಟ್ಟ ಬಂದಾಗ ತಾನೇ ಭಾರ ಆಗುವ ಸ್ಮಾರ್ಟ್ ಟ್ರೇನರ್‌ಗಳೂ ಇವೆ. ಅವುಗಳ ಬೆಲೆ ಕೇಳಿ ಫೋನ್ ಕೆಳಗಿಟ್ಟೆ.

ನನ್ನದು ಹುಬ್ಬಳ್ಳಿಯ ಒಬ್ಬ ಸೈಕಲ್ ಹುಚ್ಚರಿಂದ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡದ್ದು, 4,500 ರೂಪಾಯಿ. ಬಸ್ಸಿನಲ್ಲಿ ಪಾರ್ಸೆಲ್ ಬಂತು. ಬಿಚ್ಚಿ ನೋಡಿದರೆ ಮುಖ್ಯವಾದದ್ದೇ ಇಲ್ಲ. ಟ್ರೇನರ್ ಜೊತೆ ಗಟ್ಟಿ ಸ್ಟೀಲಿನ ಒಂದು ಸ್ಕ್ಯೂವರ್ ಬರಬೇಕು, ಅಂದರೆ ಚಕ್ರದ ನಡುವೆ ತೂರಿಸಿ ಬಿಗಿಯುವ ಉದ್ದ ಕಡ್ಡಿ. ಸೈಕಲ್‌ನ ತುದಿಗಳನ್ನು ಟ್ರೇನರ್‌ನ ಎರಡು ಬಟ್ಟಲುಗಳು ಕಚ್ಚಿ ಹಿಡಿಯುವುದು ಅದರ ಮೇಲೇ. ಮಾಮೂಲಿ ಸ್ಕ್ಯೂವರ್ ಮೇಲೆ ಹಾಗೆ ಬಿಗಿದರೆ ತುದಿ ಸರಿಯಾಗಿ ಕೂರುವುದಿಲ್ಲ, ಹಾಳೂ ಆಗುತ್ತದೆ. ಕೇಳಿದರೆ, "ಅಯ್ಯೋ, ಅದು ನನ್ನ ಸೈಕಲ್ಲಲ್ಲೇ ಉಳಿದಿದೆ ಮೇಡಂ" ಅಂದರು. ಅದು ಬರುವುದಕ್ಕೆ ನಾಲ್ಕು ದಿನ. ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವವರು ಮೊದಲು ಸ್ಕ್ಯೂವರ್ ಫೋಟೋ ಕೇಳಿ, ದುಡ್ಡು ಆಮೇಲೆ ಹಾಕಿ.

ಜೋಡಿಸಿದ್ದು ಗಂಡ ಮತ್ತು ಮಗ. ನಾನು ಕುರ್ಚಿ ಮೇಲೆ ಕೂತು ಉಸ್ತುವಾರಿ. ಕಷ್ಟದ್ದೇನೂ ಅಲ್ಲ, ಆದರೆ ಒಂಟಿ ಕೈಯವರಿಗೆ ಆಗದ ಕೆಲಸ, ಇದು ನೆನಪಿರಲಿ. ರೋಲರ್ ಟೈರಿಗೆ ತಾಗಿದ ಮೇಲೆ ನಾಬ್ ಇನ್ನೂ ಎರಡು ಸುತ್ತು ಬಿಗಿ ಮಾಡಬೇಕು. ಸಡಿಲ ಇದ್ದರೆ ಜೋರಾಗಿ ತುಳಿದಾಗ ಟೈರು ಜಾರುತ್ತದೆ. ಹಿಂದಿನ ಚಕ್ರ ಎತ್ತರ ಆಗುವುದರಿಂದ ಸೈಕಲ್ಲಿಗೆ ಮುಂದೆ ಇಳಿಜಾರು ಬರುತ್ತದೆ, ಮೈಯ ಭಾರವೆಲ್ಲ ಕೈಗೆ. ಮುರಿದ ಭುಜಕ್ಕೆ ಬೇಡವಾದದ್ದೇ ಅದು. ಮುಂದಿನ ಚಕ್ರದ ಕೆಳಗೆ ಇಡುವುದಕ್ಕೆ ಪ್ಲಾಸ್ಟಿಕ್ಕಿನ ಒಂದು ದಿಮ್ಮಿ ಸಿಗುತ್ತದೆ. ನಾನು ಅಂಗಡಿಯಿಂದ ಎ4 ಹಾಳೆಯ ರಿಮ್ ತಂದು ಇಟ್ಟೆ. ಒಂದು ರಿಮ್ ಐದು ಸೆಂಟಿಮೀಟರ್, ಎರಡಿಟ್ಟರೆ ಅಳತೆ ಮಾಡಿದ ಹಾಗೆ ಸರಿ. ಆಮೇಲೆ ಆ ರಿಮ್ ಒಡೆದು ಬಳಸಿದೆ ಅನ್ನಿ. ಮೇಲಿನ ಹತ್ತಿಪ್ಪತ್ತು ಹಾಳೆಗಳಿಗೆ ಟೈರಿನ ಅಚ್ಚು ಬಿದ್ದಿತ್ತು, ಅವನ್ನು ಲೆಕ್ಕ ಬರೆಯುವುದಕ್ಕೆ ಇಟ್ಟುಕೊಂಡೆ.

ಜಾಗ ಮನೆಯ ಜಗಲಿ. ಮೊದಲ ದಿನ ಮಗ ಪರೀಕ್ಷೆಗೆ ಅಂತ ಹತ್ತಿ ತುಳಿದ. ಅತ್ತೆ ಅಡುಗೆಮನೆಯಿಂದ ಸೌಟು ಹಿಡಿದೇ ಓಡಿ ಬಂದರು.

"ಎಂತದೇ ಇದು, ಜಗಲಿಗೆ ಗಿರಣಿ ಬಂತನೇ?"

ಅವರದ್ದು ತಪ್ಪಲ್ಲ. ಸದ್ದು ಹಿಟ್ಟಿನ ಗಿರಣಿಯದ್ದೇ. ನನ್ನದು ಹೈಬ್ರಿಡ್ ಸೈಕಲ್, ಟೈರಿಗೆ ಅಂಚಿನಲ್ಲಿ ಗುಬಟುಗಳಿವೆ. ಆ ಗುಬಟು ರೋಲರ್ ಮೇಲೆ ಉರುಳುವಾಗ ಗೊರ್ರೋ ಅನ್ನುತ್ತದೆ. ಹಂಚಿನ ಮನೆ, ಮರದ ಅಟ್ಟ, ಸದ್ದು ಇಡೀ ಮನೆ ಸುತ್ತಿ ಬರುತ್ತದೆ. ಪೇಟೆಯ ಸೈಕಲ್ ಅಂಗಡಿಯಲ್ಲಿ ನುಣುಪಾದ ಟೈರ್ ಒಂದು 600 ರೂಪಾಯಿಗೆ ಸಿಕ್ಕಿತು. ಅದನ್ನು ಹಾಕಿ, ಕೆಳಗೆ ಹಳೇ ಕಂಬಳಿ ಮಡಚಿ ಹಾಸಿದ ಮೇಲೆ ಗಿರಣಿ ಹೋಗಿ ಮಿಕ್ಸರ್ ಆಯಿತು. ಟಿವಿ ಸೀರಿಯಲ್ ಹೊತ್ತಿನಲ್ಲಿ ತುಳಿಯಬಾರದು ಅಂತ ಅತ್ತೆ ಜೊತೆ ಒಪ್ಪಂದ. ಅಪಾರ್ಟ್‌ಮೆಂಟಿನಲ್ಲಿ ಇರುವವರು ಕೆಳಗಿನ ಮನೆಯವರನ್ನು ಕೇಳಿಯೇ ತನ್ನಿ. ಟೈರ್ ಬಗ್ಗೆ ಇನ್ನೊಂದು ಮಾತು. ರೋಲರ್ ಬಿಸಿಗೆ ರಬ್ಬರ್ ತೇಯುತ್ತದೆ. ವಾರಕ್ಕೊಮ್ಮೆ ಗೋಡೆ ಬುಡದಲ್ಲಿ ಕಾಡಿಗೆ ಹಾಗೆ ಕಪ್ಪು ಪುಡಿ ಕೂತಿರುತ್ತಿತ್ತು. ಒಳ್ಳೇ ಟೈರನ್ನು ಇದಕ್ಕೆ ಬಲಿ ಕೊಡಬೇಡಿ.

ನಾಲ್ಕನೇ ವಾರ ಮುಗಿದ ಮೇಲೆ ಡಾಕ್ಟರು, ಫಿಸಿಯೋ ಇಬ್ಬರನ್ನೂ ಕೇಳಿ ಹತ್ತಿದೆ. ಹತ್ತುವುದೇ ಇದರಲ್ಲಿ ಅಪಾಯದ ಕೆಲಸ, ತುಳಿಯುವುದಲ್ಲ. ಸೈಕಲ್ ಎತ್ತರದಲ್ಲಿ ನಿಂತಿರುತ್ತದೆ, ಹಿಡಿದುಕೊಳ್ಳುವುದಕ್ಕೆ ಒಂದೇ ಕೈ. ಸ್ಟೂಲ್ ಇಟ್ಟು, ಗಂಡ ಒಂದು ಕಡೆ ಹಿಡಿದು, ನಾನು ಕಾಲು ದಾಟಿಸುವಷ್ಟರಲ್ಲಿ ಮನೆಮಂದಿಗೆಲ್ಲ ಬೆವರು. ಒಬ್ಬರೇ ಇದ್ದಾಗ ಹತ್ತಬಾರದು ಅಂತ ಮನೆಯಲ್ಲಿ ಕಾನೂನೇ ಆಯಿತು. ಇಳಿಯುವಾಗ ಕಾಲು ನಡುಗುತ್ತಿರುತ್ತದೆ, ಆಗ ಇನ್ನೂ ಹುಷಾರು.

ಮೊದಲ ದಿನ ಹತ್ತೇ ನಿಮಿಷ, ಎರಡನೇ ಹಂತ. ಬೆನ್ನು ನೆಟ್ಟಗೆ, ಎಡಗೈ ಸ್ಲಿಂಗ್‌ನಲ್ಲಿ, ಬಲಗೈ ಹ್ಯಾಂಡಲ್ ಮೇಲೆ ಸುಮ್ನೆ ಇಟ್ಟದ್ದು. ಊರುವ ಹಾಗಿಲ್ಲ. ಪೆಡಲ್ ಮೇಲೆ ಎದ್ದು ನಿಂತು ತುಳಿಯುವ ಹಾಗೂ ಇಲ್ಲ, ಹಾಗೆ ಮಾಡಿದರೆ ಸೈಕಲ್ ಅಲುಗಿ ಭುಜಕ್ಕೆ ಎಳೆತ. ಹತ್ತು ನಿಮಿಷಕ್ಕೇ ಉಸಿರು ಮೇಲೆ ಬಂತು. ನಾಲ್ಕು ವಾರದ ಹಿಂದೆ ದೇವಿಮನೆಗೆ ಹೋಗಿ ಬಂದ ಕಾಲು ಇದೇನಾ ಅನ್ನಿಸಿತು. ನಾಚಿಕೆಯೂ ಆಯಿತು, ನಗುವೂ ಬಂತು.

ಎಷ್ಟು ಜೋರಾಗಿ ತುಳಿಯಬೇಕು ಅಂತ ತಿಳಿಯುವುದಕ್ಕೆ ಫಿಸಿಯೋ ಹೇಳಿಕೊಟ್ಟ ಉಪಾಯ, ಮಾತಾಡಿ ನೋಡುವುದು. ಪೂರ್ತಿ ವಾಕ್ಯ ಆಡಲು ಬಂದರೆ ಹದ ಸರಿ ಇದೆ. ಎರಡೆರಡು ಪದಕ್ಕೆ ಉಸಿರು ತೆಗೆದುಕೊಂಡರೆ ಜಾಸ್ತಿ ಆಯಿತು. ನನಗೆ ಅತ್ತೆಯೇ ಮೀಟರ್. ಅವರು ಪಕ್ಕದಲ್ಲಿ ಕೂತು ಅಡಿಕೆ ಕತ್ತರಿಸುತ್ತಾ, ನಾಳೆ ತಿಂಡಿ ಎಂತ, ಅಂಗಡಿ ಬಾಡಿಗೆ ಕೊಟ್ಟಾಯಿತಾ ಅಂತ ಕೇಳುತ್ತಿದ್ದರು. ನಾನು "ದೋಸೆ" ಅಂತ ಮಾತ್ರ ಅಂದರೆ ಲಿವರ್ ಒಂದು ಹಂತ ಇಳಿಸಬೇಕು ಅಂತ ಲೆಕ್ಕ. ಎಂಟನೇ ವಾರದ ಹೊತ್ತಿಗೆ ನಲವತ್ತು ನಿಮಿಷ ಆಗಿತ್ತು. ನಡುನಡುವೆ ಮೂರು ನಿಮಿಷ ಭಾರ, ಎರಡು ನಿಮಿಷ ಹಗುರ. ಆರನೇ ವಾರದ ಎಕ್ಸ್‌ರೇಯಲ್ಲಿ ಮುರಿದಲ್ಲಿ ಬಿಳಿ ಮೋಡದ ಹಾಗೆ ಹೊಸ ಎಲುಬು ಕಂಡಿತ್ತು. ಸ್ಲಿಂಗ್ ಬಿಟ್ಟ ಮೇಲೆ ಕೂಡ ಎಡಗೈಯನ್ನು ಹ್ಯಾಂಡಲ್ ಮೇಲೆ ಬರೀ ಇಟ್ಟುಕೊಂಡಿದ್ದೆ, ಭಾರ ಹಾಕಲಿಲ್ಲ.

ಟ್ರೇನರ್ ಕಾಲಿಗೆ, ಎದೆಗೆ ಸರಿ. ಕೈಗೆ ಅದರಿಂದ ಏನೂ ಆಗುವುದಿಲ್ಲ. ಬಗ್ಗಿ ನಿಂತು ಎಡಗೈಯನ್ನು ಲೋಲಕದ ಹಾಗೆ ತೂಗುವುದು, ಮೊಣಕೈ ಮಡಚಿ ಬಿಡುವುದು, ಮುಷ್ಟಿ ಕಟ್ಟುವುದು, ಇದೆಲ್ಲ ಬೇರೆಯೇ ನಡೆಯಬೇಕು. ಬಲಗೈಯಲ್ಲಿ ನೀರಿನ ಬಾಟಲಿ ಎತ್ತಿ ಇಳಿಸುವುದನ್ನೂ ಹೇಳಿಕೊಟ್ಟಳು. ಒಂದು ಕೈಗೆ ಕೊಟ್ಟ ಕೆಲಸದಿಂದ ಇನ್ನೊಂದು ಕೈಯ ಶಕ್ತಿಯೂ ಒಂದಿಷ್ಟು ಉಳಿಯುತ್ತದಂತೆ. ಮೊದಲು ನಂಬಲಿಲ್ಲ. ಅದು ಹಳೇ ಕಾಲದಿಂದ ಗೊತ್ತಿರುವ ಸಂಗತಿಯೇ, ನರಮಂಡಲದ ಆಟ ಅಂದಳು.

ಈಗ ಸೆಕೆಯ ಮಾತು. ಶಿರಸಿಯ ಜುಲೈ, ಹೊರಗೆ ಚಳಿ, ನಾವೆಲ್ಲ ಸ್ವೆಟರ್ ಹಾಕಿದ್ದೇವೆ. ಟ್ರೇನರ್ ಮೇಲೆ ಹದಿನೈದು ನಿಮಿಷಕ್ಕೆ ಬೆವರು ಧಾರೆ. ರಸ್ತೆಯಲ್ಲಿ ಓಡುವಾಗ ನಮ್ಮ ವೇಗಕ್ಕೇ ಗಾಳಿ ಬಂದು ಮೈ ತಣಿಸುತ್ತದೆ, ಇಲ್ಲಿ ಗಾಳಿ ನಿಂತಲ್ಲೇ ನಿಂತಿರುತ್ತದೆ. ಗಾಳಿಯಲ್ಲಿ ಮೊದಲೇ ನೀರು ತುಂಬಿರುವಾಗ ಬೆವರು ಆರುವುದೂ ಇಲ್ಲ. ಟೇಬಲ್ ಫ್ಯಾನ್ ಬೇಕೇ ಬೇಕು. ಬೆವರು ಹನಿಸುವುದು ನೇರ ಹ್ಯಾಂಡಲ್ ನಡುವಿನ ಬೋಲ್ಟುಗಳ ಮೇಲೆ. ಒಂದೇ ತಿಂಗಳಿಗೆ ಅವು ಕೆಂಪಾದವು, ಬಿಚ್ಚುವಾಗ ಒಂದರ ತಲೆಯೇ ಸವೆಯಿತು. ಬಟ್ಟೆಗೆ ಬೂಷ್ಟು ಹಿಡಿಯುವ ಊರಿನಲ್ಲಿ ಕಬ್ಬಿಣವನ್ನು ಕೇಳುವುದೇ ಬೇಡ. ಹ್ಯಾಂಡಲ್ ಮೇಲೆ ದಪ್ಪ ಟವೆಲ್ ಹಾಸುವುದನ್ನು ಮೊದಲ ದಿನದಿಂದಲೇ ಮಾಡಬೇಕಿತ್ತು.

ಕರೆಂಟಿನ ವಿಷಯಕ್ಕೆ ಬಂದರೆ ಈ ಸ್ಟ್ಯಾಂಡಿಗೆ ನೂರಕ್ಕೆ ನೂರು ಅಂಕ. ಜುಲೈ ಕೊನೆಯಲ್ಲಿ ಗಾಳಿಮಳೆಗೆ ನಮ್ಮ ಲೈನಿನ ಮೇಲೆ ಮರ ಬಿದ್ದು ಐದು ದಿನ ಕತ್ತಲು. ಇನ್ವರ್ಟರ್ ಎರಡನೇ ದಿನಕ್ಕೇ ಕಣ್ಣು ಮುಚ್ಚಿತು, ಮೊಬೈಲ್ ಸತ್ತಿತು. ಅಷ್ಟು ದುಡ್ಡು ಸುರಿದು ಸ್ಮಾರ್ಟ್ ಟ್ರೇನರ್ ತಂದಿದ್ದರೆ ಅದೂ ಇವುಗಳ ಜೊತೆಗೇ ಮಲಗುತ್ತಿತ್ತು. ಇದಕ್ಕೆ ಅಯಸ್ಕಾಂತ ಸಾಕು, ಪ್ಲಗ್ ಅಂತ ಇಲ್ಲವೇ ಇಲ್ಲ. ಫ್ಯಾನ್ ಇಲ್ಲದ್ದರಿಂದ ಜಗಲಿಯ ಬಾಗಿಲು ತೆರೆದಿಟ್ಟು, ಮಳೆಯ ಇರಚಲು ಕಾಲಿಗೆ ಬೀಳುವಷ್ಟು ಅಂಚಿಗೆ ಸೈಕಲ್ ಎಳೆಸಿಕೊಂಡು, ಲಾಟೀನು ಬೆಳಕಲ್ಲಿ ತುಳಿದೆ. ಅಂಗಳದಲ್ಲಿ ನೀರು ಹರಿಯುವುದನ್ನೇ ನೋಡುತ್ತಾ ಅರ್ಧ ಗಂಟೆ. ಇಡೀ ಮೂರು ತಿಂಗಳಲ್ಲಿ ಬೇಜಾರಾಗದೆ ತುಳಿದದ್ದು ಆ ಐದು ದಿನ ಮಾತ್ರ ಅಂದರೂ ತಪ್ಪಲ್ಲ.

ಯಾಕೆಂದರೆ ಬೇಜಾರು ನಿಜವಾಗಿಯೂ ದೊಡ್ಡ ಸಮಸ್ಯೆ. ಎಷ್ಟು ತುಳಿದರೂ ಎದುರಿಗೆ ಅದೇ ಅಡಿಕೆ ಮೂಟೆ. ಕಿಲೋಮೀಟರ್ ಲೆಕ್ಕವೂ ಇಲ್ಲ. ನನ್ನ ಸೈಕಲ್‌ನ ಮೀಟರ್ ಸೆನ್ಸರ್ ಇರುವುದು ಮುಂದಿನ ಚಕ್ರಕ್ಕೆ, ಅದೋ ರಿಮ್ ಹಾಳೆ ಮೇಲೆ ನಿದ್ದೆ ಮಾಡುತ್ತಿದೆ. ಮೂರು ತಿಂಗಳು ತುಳಿದರೂ ಸೊನ್ನೆ ಕಿಲೋಮೀಟರ್. ಕೂರುವ ಜಾಗವೂ ರಸ್ತೆಗಿಂತ ಬೇಗ ನೋಯುತ್ತದೆ. ರಸ್ತೆಯಲ್ಲಿ ಹೊಂಡ ಬಂದಾಗ, ತಿರುವಿನಲ್ಲಿ ನಮಗೆ ಗೊತ್ತಿಲ್ಲದೇ ಎದ್ದು ಕೂರುತ್ತೇವೆ. ಇಲ್ಲಿ ಅಲುಗಾಟವೇ ಇಲ್ಲ. ಹತ್ತು ನಿಮಿಷಕ್ಕೊಮ್ಮೆ ತುಳಿಯುವುದು ನಿಲ್ಲಿಸಿ ಒಂದು ಬದಿಗೆ ಸರಿದು ಕೂತರೆ ಸ್ವಲ್ಪ ಪರವಾಗಿಲ್ಲ.

ಅಕ್ಟೋಬರ್ ಮೊದಲ ವಾರ ಡಾಕ್ಟರು ರಸ್ತೆಗೆ ಬಿಟ್ಟರು. ಮನೆಯಿಂದ ಪೇಟೆಗೆ ಏಳು ಕಿಲೋಮೀಟರ್. ಉಸಿರು ಚೆನ್ನಾಗಿಯೇ ಇತ್ತು. ಮೊದಲು ಹದಿನೆಂಟು ನಿಮಿಷಕ್ಕೆ ಹತ್ತುತ್ತಿದ್ದ ಏರನ್ನು ಇಪ್ಪತ್ತೊಂದಕ್ಕೆ ಹತ್ತಿದೆ. ಮೂರು ತಿಂಗಳು ಸುಮ್ನೆ ಕೂತಿದ್ದರೆ ತಳ್ಳಿಕೊಂಡೇ ಹೋಗಬೇಕಿತ್ತು. ಆದರೆ ಸೈಕಲ್ ನೆಟ್ಟಗೆ ಹೋಗುತ್ತಿರಲಿಲ್ಲ! ಕಟ್ಟಿ ಹಾಕಿದ ಸೈಕಲ್ ಮೇಲೆ ಸಮತೋಲ ಯಾಕೆ ಬೇಕು? ಅದು ಮರೆತೇ ಹೋಗಿತ್ತು. ಹಿಂದೆ ತಿರುಗಿ ನೋಡಿದರೆ ಹ್ಯಾಂಡಲ್ಲೂ ಜೊತೆಗೇ ತಿರುಗುತ್ತಿತ್ತು. ಟ್ರೇನರ್ ಮೇಲೆ ಚೆನ್ನಾಗಿ ತುಳಿಯುತ್ತಿದ್ದೇನೆ ಅಂತ ನೇರ ಹೆದ್ದಾರಿಗೆ ಇಳಿಯಬೇಡಿ. ಒಂದು ವಾರ ಖಾಲಿ ರಸ್ತೆಯಲ್ಲಿ ಆಡಿ.

ಯಾರು ತೆಗೆದುಕೊಳ್ಳಬಹುದು? ಕೈ, ಭುಜ, ಮಣಿಕಟ್ಟು ಮುರಿದು ಕಾಲು ಗಟ್ಟಿ ಇರುವವರು, ಡಾಕ್ಟರು ಒಪ್ಪಿದ ಮೇಲೆ. ಮನೆಯಲ್ಲಿ ಹತ್ತಿಸಿ ಇಳಿಸುವುದಕ್ಕೆ ಜನ ಇರಬೇಕು. ಸೈಕಲ್ಲಿನ ಹಿಂದಿನ ಚಕ್ರ ಕ್ವಿಕ್ ರಿಲೀಸ್, ಅಂದರೆ ಪಾನಾ ಇಲ್ಲದೆ ಲಿವರ್ ತಿರುಗಿಸಿ ಬಿಚ್ಚುವ ತರದ್ದು, ಇರಬೇಕು. ಥ್ರೂ ಆಕ್ಸಲ್, ಅಂದರೆ ಫ್ರೇಮಿಗೇ ತಿರುಪಿ ಬಿಗಿಯುವ ದಪ್ಪ ಅಚ್ಚು, ಇರುವ ಹೊಸ ಸೈಕಲ್‌ಗಳಿಗೆ ಬೇರೆಯದೇ ಜೋಡಣೆ ಬೇಕು, ಈ ತರದ ಹಳೇ ಟ್ರೇನರ್‌ಗೆ ಅದು ಕೂರುವುದಿಲ್ಲ. ಹೊಸದಕ್ಕೆ ದುಡ್ಡು ಹಾಕಬೇಡಿ ಅಂತ ನನ್ನ ಸಲಹೆ. ಮೂರು ತಿಂಗಳ ಕೆಲಸ, ಸೆಕೆಂಡ್ ಹ್ಯಾಂಡ್ ಧಾರಾಳ ಸಾಕು. ಐದಕ್ಕೆ ನಾಲ್ಕು ಕೊಡುತ್ತೇನೆ. ಕಳೆದ ಒಂದು ಅಂಕ ಸದ್ದಿಗೆ.

ನನ್ನದನ್ನು ಮಾರೋಣ ಅಂತಿದ್ದೆ. ಅಷ್ಟರಲ್ಲಿ ಭಾವನವರು ತೋಟದಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡರು, ಟ್ರೇನರ್ ಕೇಳಿದರು. ಕೊಟ್ಟೆ. ಮಾರನೇ ದಿನ ಫೋನ್ ಬಂತು. ಅವರದ್ದು ಹಿಂದೆ ಕ್ಯಾರಿಯರ್ ಇರುವ ಹಳೇ ಕರಿ ಸೈಕಲ್, ಚಕ್ರಕ್ಕೆ ನಟ್ ಬೋಲ್ಟು, ಬಟ್ಟಲಿಗೆ ಕೂರುತ್ತಿಲ್ಲ. "ಹಂಗಾರೆ ನಿನ್ನ ಸೈಕಲ್ಲೂ ಕಳ್ಸು" ಅಂದರು. ಈಗ ಟ್ರೇನರ್, ಸೈಕಲ್, ಕಂಬಳಿ, ಬೇರೆ ಎರಡು ರಿಮ್ ಹಾಳೆ ಎಲ್ಲ ಅವರ ಜಗಲಿಯಲ್ಲಿದೆ. ನಾನು ಮತ್ತೆ ದೇವಿಕೆರೆ ಸುತ್ತ ನಡೆಯುತ್ತಿದ್ದೇನೆ.